ಫ್ಲಾರೆನ್ಸ್‌ನಿಂದ ಕಿಯಾಂಟಿಗೆ ಒಂದು ದಿನ: ಊಟ-ವೈನ್ ಟೂರ್ ಬುಕ್ ಮಾಡುವ ಮುಂಚೆ

ಇಟಲಿಯ ಫ್ಲಾರೆನ್ಸ್‌ಗೆ ಹೋಗುವವರಲ್ಲಿ ಹೆಚ್ಚಿನವರು ಒಂದು ದಿನ ವೈನಿಗೆ ಹೆಸರಾದ ಕಿಯಾಂಟಿ ಬೆಟ್ಟಗಳ ಕಡೆ ಹೋಗಿಬರಬೇಕು ಅಂದುಕೊಂಡಿರುತ್ತಾರೆ. ಫೋನಿನಲ್ಲಿ ಹುಡುಕಿದರೆ ಟೂರ್‌ಗಳಿಗೇನೂ ಬರವಿಲ್ಲ. ಎಲ್ಲದರಲ್ಲೂ ಅದೇ ಸೈಪ್ರೆಸ್ ಮರಗಳ ಸಾಲು, ಅದೇ ಕೆಂಪು ವೈನ್ ಗ್ಲಾಸು. ಯಾವುದನ್ನು ಆರಿಸುವುದು? ನನ್ನನ್ನು ಕೇಳಿದರೆ, ಎಲ್ಲಕ್ಕಿಂತ ಕಡಿಮೆ ಊರುಗಳ ಹೆಸರು ಇರುವುದನ್ನು ಆರಿಸಿ.

ಯಾಕೆ ಅಂದರೆ, ಜಾಸ್ತಿ ಮಾರಾಟವಾಗುವ ಟೂರ್ ಹೀಗಿರುತ್ತದೆ: ಸಿಯೆನಾ, ಸಾನ್ ಜಿಮಿನ್ಯಾನೊ, ಪಿಸಾ, ನಡುವೆ ಕಿಯಾಂಟಿಯಲ್ಲಿ ಊಟ ಮತ್ತು ವೈನ್, ಎಲ್ಲ ಒಂದೇ ದಿನದಲ್ಲಿ. ಓದುವಾಗ ಭಾರಿ ಲಾಭ ಅನ್ನಿಸುತ್ತದೆ. ಮ್ಯಾಪ್ ತೆಗೆದು ನೋಡಿ. ಸಿಯೆನಾ ಇರುವುದು ಫ್ಲಾರೆನ್ಸ್‌ನ ದಕ್ಷಿಣಕ್ಕೆ, ಪಿಸಾ ಪಶ್ಚಿಮಕ್ಕೆ. ದಿನದ ಬಹುಪಾಲು ಬಸ್ಸಿನ ಕಿಟಕಿಯಲ್ಲೇ ಮುಗಿದುಹೋಗುತ್ತದೆ. ಪಿಸಾದ ಗೋಪುರದ ಮುಂದೆ ಫೋಟೊ ಬೇಕೇ ಬೇಕು ಅನ್ನುವವರು ಅದಕ್ಕೆ ಬೇರೆ ದಿನ ರೈಲಿನಲ್ಲಿ ಹೋಗಿ. ಒಂದು ಗಂಟೆಯ ದಾರಿ ಅಷ್ಟೆ.

ನಾವು ಆರಿಸಿದ್ದು ಚಿಕ್ಕ ವ್ಯಾನಿನ ಟೂರ್. ಒಂದು ವೈನ್ ತೋಟ, ಅಲ್ಲೇ ಊಟ, ಆಮೇಲೆ ಗ್ರೇವೆ ಅನ್ನುವ ಊರಿನಲ್ಲಿ ಸ್ವಲ್ಪ ಹೊತ್ತು, ಸಂಜೆ ವಾಪಸ್. ಇಂಥ ಟೂರ್‌ಗಳಲ್ಲಿ ಸಾಮಾನ್ಯವಾಗಿ ಎಂಟೇ ಜನ. ಮಾಮೂಲಿ ಕಾರ್ ಲೈಸೆನ್ಸ್ ಇರುವವರು ಅಲ್ಲಿ ಓಡಿಸಬಹುದಾದದ್ದು ಡ್ರೈವರ್ ಸೇರಿ ಒಂಬತ್ತು ಸೀಟಿನ ಗಾಡಿಯವರೆಗೆ ಮಾತ್ರ. ದೊಡ್ಡ ಬಸ್ಸಿನ ಟೂರ್‌ಗಿಂತ ದರ ಚೆನ್ನಾಗಿಯೇ ಜಾಸ್ತಿ. ಆದರೂ ಆ ದುಡ್ಡಿಗೆ ಬೆಲೆ ಇದೆ. ಕಿರಿದಾದ ಮಣ್ಣಿನ ರಸ್ತೆಯ ತುದಿಯಲ್ಲಿರುವ ತೋಟಗಳಿಗೆ ದೊಡ್ಡ ಬಸ್ಸು ಹೋಗುವುದೇ ಇಲ್ಲ.

ಬುಕ್ ಮಾಡುವ ಮುಂಚೆ ಕೇಳಬೇಕಾದ ಮೊದಲ ಪ್ರಶ್ನೆ: ಯಾವ ತೋಟಕ್ಕೆ ಕರೆದೊಯ್ಯುತ್ತೀರಿ? ಹೆಸರು ಹೇಳಲು ಹಿಂದೆಮುಂದೆ ನೋಡಿದರೆ ಬೇರೆ ಟೂರ್ ನೋಡಿ. ಕಿಯಾಂಟಿ ಅನ್ನುವ ಹೆಸರಿನಲ್ಲಿ ಟಸ್ಕನಿಯ, ಅಂದರೆ ಫ್ಲಾರೆನ್ಸ್ ಇರುವ ಪ್ರಾಂತ್ಯದ, ತುಂಬಾ ದೊಡ್ಡ ಪ್ರದೇಶದ ವೈನ್ ಬರುತ್ತದೆ. ಹಳೆಯ, ಅಸಲಿ ಪ್ರದೇಶ ಮಾತ್ರ ಫ್ಲಾರೆನ್ಸ್ ಮತ್ತು ಸಿಯೆನಾ ನಡುವಿನ ಬೆಟ್ಟಗಳು: ಗ್ರೇವೆ, ಪಾನ್ಜಾನೊ, ರಾದ್ದಾ, ಗಾಯೋಲೆ, ಕಾಸ್ತೆಲ್ಲೀನಾ. 1716ರಲ್ಲೇ, ಆಗ ಟಸ್ಕನಿಯನ್ನು ಆಳುತ್ತಿದ್ದ ಮೆಡಿಚಿ ಮನೆತನದ ಮೂರನೇ ಕೊಸಿಮೊ ಇದರ ಗಡಿ ಗುರುತಿಸಿ ಆಜ್ಞೆ ಹೊರಡಿಸಿದ್ದ. ಈಗ ಇಲ್ಲಿನ ವೈನಿಗೆ ಕಿಯಾಂಟಿ ಕ್ಲಾಸಿಕೊ ಎಂದು ಹೆಸರು, ಬಾಟಲಿಯ ಮೇಲೆ ಕಪ್ಪು ಹುಂಜದ ಚಿತ್ರ ಇರುತ್ತದೆ. ಟೂರ್ ವಿವರದಲ್ಲಿ ಬರೀ "ಕಿಯಾಂಟಿ" ಅಂತಿದ್ದರೆ ತೋಟದ ಹೆಸರನ್ನು ಮ್ಯಾಪಿನಲ್ಲಿ ಹಾಕಿ ಒಮ್ಮೆ ನೋಡಿಕೊಳ್ಳಿ.

ಹುಂಜದ ಕಥೆ ನಿಮ್ಮ ಗೈಡ್ ಹೇಳಿಯೇ ಹೇಳುತ್ತಾರೆ. ಫ್ಲಾರೆನ್ಸಿಗೂ ಸಿಯೆನಾಗೂ ಗಡಿ ಜಗಳ. ಬೆಳಿಗ್ಗೆ ಕೋಳಿ ಕೂಗಿದ ತಕ್ಷಣ ಎರಡೂ ಊರಿನಿಂದ ಒಬ್ಬೊಬ್ಬ ಸವಾರ ಹೊರಡಬೇಕು, ಇಬ್ಬರೂ ಎದುರಾದ ಜಾಗವೇ ಗಡಿ. ಸಿಯೆನಾದವರು ಬಿಳಿ ಹುಂಜಕ್ಕೆ ಚೆನ್ನಾಗಿ ತಿನ್ನಿಸಿದರು. ಫ್ಲಾರೆನ್ಸಿನವರು ಕಪ್ಪು ಹುಂಜವನ್ನು ಉಪವಾಸ ಕೆಡವಿದರು. ಹಸಿದ ಹುಂಜ ಕತ್ತಲಿರುವಾಗಲೇ ಕೂಗಿಬಿಟ್ಟಿತು! ಫ್ಲಾರೆನ್ಸಿನ ಸವಾರ ಸಿಯೆನಾದ ಹತ್ತಿರದವರೆಗೂ ಬಂದುಬಿಟ್ಟ. ನಿಜವೋ ಸುಳ್ಳೋ, ವ್ಯಾನಿನಲ್ಲಿ ಕೂತು ಕೇಳಲು ಮಜವಾಗಿದೆ.

ಹೊರಡುವ ಜಾಗ ಹೆಚ್ಚಾಗಿ ಸಾಂತಾ ಮರಿಯಾ ನೊವೆಲ್ಲಾ ರೈಲು ನಿಲ್ದಾಣದ ಆಸುಪಾಸಿನಲ್ಲಿ, ಬಹಳ ಸಲ ಪಕ್ಕದ ಪಿಯಾತ್ಸಾಲೆ ಮೊಂತೆಲುಂಗೊದಲ್ಲಿ ಇರುತ್ತದೆ. ಬೆಳಿಗ್ಗೆ ಅಲ್ಲಿ ಒಂದೇ ಸಮಯಕ್ಕೆ ಹತ್ತಾರು ಗುಂಪು, ಹತ್ತಾರು ಬಾವುಟ. ನಿಮ್ಮ ಟೂರಿನ ಹೆಸರು, ಗೈಡ್ ನಂಬರು ಫೋನಿನಲ್ಲಿ ತೆರೆದಿಟ್ಟುಕೊಂಡು ಕಾಲು ಗಂಟೆ ಮುಂಚೆ ಹೋಗಿ. ಬೆಳಿಗ್ಗೆ ಹೊಟ್ಟೆ ತುಂಬಾ ತಿಂದು ಹೊರಡಿ. ಇಟಲಿಯವರ ಹಾಗೆ ಒಂದು ಕಾಫಿ, ಒಂದು ಸಿಹಿ ಬನ್ನು ತಿಂದು ಹೊರಟರೆ ಹನ್ನೊಂದು ಗಂಟೆಗೆ ಮೊದಲ ಗ್ಲಾಸು ನೇರವಾಗಿ ತಲೆಗೇರುತ್ತದೆ.

ದಾರಿಯ ಹೆಸರು ಕಿಯಾಂತಿಜಾನಾ, ರಸ್ತೆ ನಂಬರು 222. ನೋಡಲು ಬಹಳ ಚೆಂದ. ತಿರುವುಗಳೂ ಅಷ್ಟೇ ಇವೆ. ಗಾಡಿಯಲ್ಲಿ ಹೊಟ್ಟೆ ತೊಳಸುವವರು ಇದ್ದರೆ ಹತ್ತುವಾಗಲೇ ಡ್ರೈವರ್‌ಗೆ ಹೇಳಿ ಮುಂದಿನ ಸೀಟು ಹಿಡಿಯಿರಿ. ಸಂಕೋಚ ಬೇಡ.

ತೋಟದಲ್ಲಿ ಮೊದಲು ಬಳ್ಳಿಗಳ ನಡುವೆ ಸುತ್ತಾಡಿಸುತ್ತಾರೆ. ನೆಲ ನೋಡಿ, ಬರೀ ಕಲ್ಲು. ನಮಗೆ ಒಂದು ಕಲ್ಲನ್ನು ಕೈಗೆ ಕೊಟ್ಟು ಒತ್ತಲು ಹೇಳಿದರು. ಬೂದು ಬಣ್ಣದ ಕಲ್ಲು, ಪದರ ಪದರವಾಗಿ ಪುಡಿಯಾಗಿ ಬಿತ್ತು. ಅದಕ್ಕೆ ಗಾಲೆಸ್ಟ್ರೊ ಅನ್ನುತ್ತಾರೆ. ನೀರು ನಿಲ್ಲದ ಇಂಥ ನೆಲದಲ್ಲಿ ಬಳ್ಳಿ ಬೇರನ್ನು ಆಳಕ್ಕೆ ಇಳಿಸಬೇಕಾಗುತ್ತದೆ. ಸೊಂಪಾಗಿ ಬೆಳೆಯುವುದಿಲ್ಲ, ಹಣ್ಣು ಕಡಿಮೆ, ಆದರೆ ರಸ ಗಟ್ಟಿ. ಹೀಲ್ಡ್ ಚಪ್ಪಲಿ ಹಾಕಿಕೊಂಡು ಬಂದವರು ಇಲ್ಲಿ ಪಾಡು ಪಡುತ್ತಾರೆ.

ಆಮೇಲೆ ನೆಲಮಾಳಿಗೆ. ಬೇಸಿಗೆಯಲ್ಲೂ ಅಲ್ಲಿ ತಂಪು, ತೆಳ್ಳಗಿನ ಜಾಕೆಟ್ ಇರಲಿ. ಆಳೆತ್ತರದ ದೊಡ್ಡ ಮರದ ಪೀಪಾಯಿಗಳು ಒಂದು ಕಡೆ, 225 ಲೀಟರಿನ ಚಿಕ್ಕವು ಇನ್ನೊಂದು ಕಡೆ. ಚಿಕ್ಕ ಪೀಪಾಯಿಯಲ್ಲಿ ಮರದ ವಾಸನೆ ವೈನಿಗೆ ಜಾಸ್ತಿ ಇಳಿಯುತ್ತದೆ. ದೊಡ್ಡದರಲ್ಲಿ ಹಣ್ಣಿನ ರುಚಿಯೇ ಮುಂದಿರುತ್ತದೆ. ಎರಡರಿಂದಲೂ ಸುರಿಯುತ್ತೀರಾ ಅಂತ ಕೇಳಿ ನೋಡಿ, ಹೇಳಿಸಿಕೊಂಡು ತಿಳಿಯುವುದಕ್ಕಿಂತ ಬೇಗ ಅರ್ಥವಾಗುತ್ತದೆ.

ಈಗ ಟೇಬಲ್ಲಿನ ವಿಷಯ. ಕಿಯಾಂಟಿ ಕ್ಲಾಸಿಕೊದಲ್ಲಿ ಕಡಿಮೆಯೆಂದರೂ ನೂರಕ್ಕೆ ಎಂಬತ್ತು ಭಾಗ ಸಾಂಜೊವೇಸೆ ದ್ರಾಕ್ಷಿ ಇರಬೇಕು. ಇದು ಹುಳಿ ಮುಂದಿರುವ, ಒಗರು ಇರುವ ವೈನ್. ಸುಮ್ನೆ ಒಂದು ಗುಟುಕು ಕುಡಿದರೆ ನಾಲಿಗೆ ಎಳೆದಂತಾಗುತ್ತದೆ. ಇದಕ್ಕೇ ಇಷ್ಟು ಹೆಸರಾ ಅನ್ನಿಸುತ್ತದೆ. ಅಲ್ಲೇ ನಿಲ್ಲಿಸಬೇಡಿ. ಒಂದು ಚೂರು ಪೆಕೊರಿನೊ, ಅಂದರೆ ಕುರಿ ಹಾಲಿನ ಚೀಸು ತಿಂದು, ಅದೇ ಗ್ಲಾಸಿನಿಂದ ಮತ್ತೊಂದು ಗುಟುಕು ಕುಡಿಯಿರಿ. ಚೀಸಿನ ಜಿಡ್ಡು ಒಗರನ್ನು ನುಂಗಿಬಿಡುತ್ತದೆ. ಚೆರ್ರಿ ಹಣ್ಣಿನ ರುಚಿ ಆಗ ಮೇಲೆ ಬರುತ್ತದೆ. ಊಟದ ಜೊತೆಗೇ ಕುಡಿಯಬೇಕಾದ ವೈನ್ ಇದು. ಅದಕ್ಕೇ ಬರೀ ಟೇಸ್ಟಿಂಗ್ ಇರುವ ಟೂರ್ ಬೇಡ, ತೋಟದಲ್ಲೇ ಕೂತು ಊಟ ಮಾಡಿಸುವ ಟೂರ್ ಹುಡುಕಿ ಅನ್ನುವುದು.

ಸಾಮಾನ್ಯವಾಗಿ ಮೂರರಿಂದ ಐದು ಬಗೆ ಕೊಡುತ್ತಾರೆ. ಮೊದಲು ಮಾಮೂಲಿ ಕ್ಲಾಸಿಕೊ, ಆಮೇಲೆ ಕನಿಷ್ಠ 24 ತಿಂಗಳು ಮಾಗಲು ಇಟ್ಟ ರಿಸೆರ್ವಾ, ಕೊನೆಗೆ 30 ತಿಂಗಳಿನ ಗ್ರಾನ್ ಸೆಲೆಟ್ಸಿಯೋನೆ. ನನಗೆ ಮೊದಲನೆಯದೇ ಹಿಡಿಸಿತು. ದುಬಾರಿಯದ್ದೇ ಇಷ್ಟವಾಗಬೇಕು ಅಂತ ಯಾವ ಕಾನೂನೂ ಇಲ್ಲ, ಅಲ್ವಾ? ಟೇಬಲ್ ಮೇಲೆ ಒಂದು ಬಕೆಟ್ ಥರದ ಪಾತ್ರೆ ಇರುತ್ತದೆ. ಉಳಿದದ್ದನ್ನು ಅದಕ್ಕೆ ಸುರಿಯಬಹುದು, ಬಾಯಲ್ಲಿದ್ದದ್ದನ್ನು ಉಗಿಯಲೂಬಹುದು. ಯಾರೂ ತಪ್ಪು ತಿಳಿಯುವುದಿಲ್ಲ. ವೈನ್ ಎಷ್ಟು ಗ್ಲಾಸೋ ನೀರೂ ಅಷ್ಟು ಗ್ಲಾಸು ಅಂತ ಲೆಕ್ಕ ಇಟ್ಟುಕೊಂಡರೆ ಸಂಜೆ ತಲೆನೋವು ಇರುವುದಿಲ್ಲ.

ಕುಡಿಯದವರು, ಸಸ್ಯಾಹಾರಿಗಳು ಹೋಗಬಹುದಾ? ಧಾರಾಳವಾಗಿ. ನಮ್ಮ ಅತ್ತಿಗೆ ಎರಡೂ ಹೌದು. ಅವರಿಗೆ ಆ ದಿನ ನಮಗಿಂತ ಜಾಸ್ತಿ ಇಷ್ಟವಾಯಿತು, ಎಣ್ಣೆಯ ದೆಸೆಯಿಂದ. ತೋಟದವರೇ ತೆಗೆದ ಆಲಿವ್ ಎಣ್ಣೆಯನ್ನು ಚಿಕ್ಕ ಲೋಟದಲ್ಲಿ ಕೊಟ್ಟರು. ಲೋಟವನ್ನು ಅಂಗೈಯಲ್ಲಿ ಹಿಡಿದು ಇನ್ನೊಂದು ಕೈ ಮುಚ್ಚಿ ಬೆಚ್ಚಗೆ ಮಾಡಬೇಕು, ಮೂಸಬೇಕು, ಆಮೇಲೆ ಗಾಳಿಯ ಜೊತೆ ಸೊರ್ ಎಂದು ಎಳೆದುಕೊಳ್ಳಬೇಕು. ಮೊದಲು ಹಸಿ ಹುಲ್ಲಿನ ವಾಸನೆ, ಆಮೇಲೆ ಕಹಿ, ಒಂದೆರಡು ಕ್ಷಣ ಬಿಟ್ಟು ಗಂಟಲಲ್ಲಿ ಒಣಮೆಣಸಿನಕಾಯಿ ಘಾಟಿನಂಥ ಖಾರ. ಅತ್ತಿಗೆ ಕೆಮ್ಮಿದರು. ಎದುರಿಗಿದ್ದ ತೋಟದಾಕೆ ಖುಷಿಯಿಂದ ಚಪ್ಪಾಳೆ ತಟ್ಟಿದಳು. ಕೆಮ್ಮು ಬಂದರೆ ಎಣ್ಣೆ ತಾಜಾ ಅಂತ ಲೆಕ್ಕವಂತೆ. ಹೊಸ ಎಣ್ಣೆ ಬರುವುದು ನವೆಂಬರ್ ಹೊತ್ತಿಗೆ. ಆ ತಿಂಗಳು ಹೋಗುವವರು ಪುಣ್ಯವಂತರು.

ಬ್ರೆಡ್ ಬಂದಾಗ ಅತ್ತಿಗೆ ನನ್ನ ಕಡೆ ಬಾಗಿ, "ಇದಕ್ಕೆ ಉಪ್ಪು ಹಾಕೋದೇ ಮರ್ತಿದ್ದಾರೆ ಕಣೋ" ಅಂದರು. ಮರೆತಿರಲಿಲ್ಲ, ಟಸ್ಕನಿಯ ಬ್ರೆಡ್ಡಿಗೆ ಉಪ್ಪು ಹಾಕುವುದೇ ಇಲ್ಲ. ಸುಟ್ಟು, ಬೆಳ್ಳುಳ್ಳಿ ಉಜ್ಜಿ, ಎಣ್ಣೆ ಸುರಿದು, ಮೇಲೆ ಉಪ್ಪು ಉದುರಿಸಿ ತಿಂದರೆ ಸರಿಹೋಗುತ್ತದೆ.

ಸಸ್ಯಾಹಾರಿಗಳು ಇಷ್ಟು ನೆನಪಿಡಿ. ಊಟದ ಮೊದಲಿಗೆ ಬರುವ ಸುಟ್ಟ ಬ್ರೆಡ್ಡಿನ ಮೇಲೆ ಕಂದು ಬಣ್ಣದ ಪೇಸ್ಟ್ ಇದ್ದರೆ ಅದು ಕೋಳಿಯ ಲಿವರ್. ನೋಡಿದರೆ ಗೊತ್ತೇ ಆಗುವುದಿಲ್ಲ. ರಿಬೊಲ್ಲೀತಾ ಅನ್ನುವ ಬೀನ್ಸು, ಸೊಪ್ಪು, ಬ್ರೆಡ್ಡಿನ ಗಟ್ಟಿ ಸೂಪು ಬಹಳ ರುಚಿ, ಆದರೆ ಮಾಂಸದ ಸಾರು ಹಾಕಿದ್ದಾರಾ ಅಂತ ಕೇಳಿ. ಕೊನೆಗೆ ಸಿಹಿ ವೈನಿನ ಜೊತೆ ಕೊಡುವ ಬಾದಾಮಿ ಬಿಸ್ಕತ್ತಿನಲ್ಲಿ ಮೊಟ್ಟೆ ಇರುತ್ತದೆ. ಚೀಸಿನ ವಿಷಯದಲ್ಲಿ ಕಟ್ಟುನಿಟ್ಟು ಇರುವವರಿಗೆ ಇನ್ನೊಂದು ಮಾತು: ಪಾರ್ಮಿಜಾನೊ ಚೀಸಿನಲ್ಲಿ ಹಾಲು ಒಡೆಯಲು ಹಾಕುವುದು ಕರುವಿನ ಹೊಟ್ಟೆಯಿಂದ ತೆಗೆದ ಹೆಪ್ಪು, ಪೆಕೊರಿನೊದಲ್ಲೂ ಅದೇ ಇರಬಹುದು. ಗಿಡದ ಹೆಪ್ಪು ಹಾಕಿದ ಚೀಸಿದ್ದರೆ ಕೊಡಿ ಅನ್ನಲು "ಕಾಲ್ಯೊ ವೆಜೆತಾಲೆ" ಅಂದರೆ ಸಾಕು.

ನಮಗೆ ಆ ದಿನ ಆದ ಒಂದೇ ಕಿರಿಕಿರಿ ಇದೇ ವಿಷಯದಲ್ಲಿ. ಬುಕ್ ಮಾಡುವಾಗಲೇ ಸಸ್ಯಾಹಾರಿ ಅಂತ ಬರೆದಿದ್ದೆವು. ಟೂರ್ ಕಂಪನಿಯವರು ಅಡುಗೆಮನೆಗೆ ತಿಳಿಸಿರಲೇ ಇಲ್ಲ. ಪುಣ್ಯಕ್ಕೆ ಅಡುಗೆಯಾಕೆ ಹತ್ತು ನಿಮಿಷದಲ್ಲಿ ಟೊಮೆಟೊ ಹಾಕಿ ಪಾಸ್ತಾ ಮಾಡಿಕೊಟ್ಟರು. ಹಿಂದಿನ ದಿನ ಮತ್ತೊಮ್ಮೆ ಮೆಸೇಜ್ ಹಾಕಿ, ವ್ಯಾನ್ ಹತ್ತಿದ ತಕ್ಷಣ ಗೈಡ್‌ಗೂ ಬಾಯಿಬಿಟ್ಟು ಹೇಳಿ. ದಾರಿಯಿಂದಲೇ ಅವರು ತೋಟಕ್ಕೆ ಫೋನ್ ಮಾಡುತ್ತಾರೆ. ಕುಡಿಯದವರಿಗೆ ದರ ಕಡಿಮೆ ಇದೆಯಾ ಅನ್ನುವುದನ್ನೂ ಬುಕ್ ಮಾಡುವಾಗಲೇ ವಿಚಾರಿಸಿ. ಕೆಲವರು ಬಿಡುತ್ತಾರೆ, ಆದರೆ ಅವರಾಗಿ ಹೇಳುವುದಿಲ್ಲ.

ಊಟ ಮುಗಿಯುವ ಹೊತ್ತಿಗೆ ಟೇಬಲ್ಲಿಗೆ ಒಂದು ಹಾಳೆ, ಪೆನ್ನು ಬರುತ್ತವೆ. ಅದೇ ಆರ್ಡರ್ ಫಾರ್ಮ್. ಮೂರು ಗ್ಲಾಸು ಒಳಗಿಳಿದಿರುವಾಗ ಎಲ್ಲ ವೈನೂ ಚೆನ್ನಾಗಿಯೇ ಕಾಣುತ್ತದೆ. ಮನೆಗೆ ಕಳಿಸುವ ಖರ್ಚು ಬೇರೆ ಹಾಕುತ್ತಾರೆ, ಅದು ಕೆಲವೊಮ್ಮೆ ಬಾಟಲಿಯ ಬೆಲೆಯನ್ನೇ ಮೀರುತ್ತದೆ. ಕೊಳ್ಳಲೇಬೇಕು ಅನ್ನುವ ಬಲವಂತವೇನಿಲ್ಲ, ನೀವು ಟೂರಿಗೆ ದುಡ್ಡು ಕೊಟ್ಟೇ ಬಂದಿದ್ದೀರಿ. ಬೇಕಿದ್ದರೆ ಒಂದೆರಡು ಬಾಟಲಿ ತೆಗೆದುಕೊಂಡು ಬಟ್ಟೆ ಸುತ್ತಿ ಚೆಕ್-ಇನ್ ಸೂಟ್‌ಕೇಸಿನಲ್ಲಿ ಹಾಕಿ. ನನ್ನ ಪ್ರಕಾರ ಅಲ್ಲಿಂದ ತರಬೇಕಾದದ್ದು ಎಣ್ಣೆ, ಅದೂ ಡಬ್ಬಿಯಲ್ಲಿ ತುಂಬಿದ್ದು. ಒಡೆಯುವ ಭಯವಿಲ್ಲ, ಬೆಳಕು ಬಿದ್ದು ಕೆಡುವುದೂ ಇಲ್ಲ. ಕಾಯಿ ಕಿತ್ತ ವರ್ಷ ಬರೆದಿದೆಯಾ ನೋಡಿ ತೆಗೆದುಕೊಳ್ಳಿ.

ಗ್ರೇವೆಯಲ್ಲಿ ತ್ರಿಕೋನಾಕಾರದ ಚೌಕ ಇದೆ, ಸುತ್ತ ಕಮಾನುಗಳ ಕೆಳಗೆ ಅಂಗಡಿಗಳು. ನಡುವೆ ನಿಂತಿರುವ ಪ್ರತಿಮೆ ಜೊವಾನ್ನಿ ದಾ ವೆರಾತ್ಸಾನೊನದ್ದು. 1524ರಲ್ಲಿ ನ್ಯೂಯಾರ್ಕ್ ಕೊಲ್ಲಿಗೆ ಹಡಗು ತಂದವನು ಇವನೇ. ಶನಿವಾರ ಬೆಳಿಗ್ಗೆ ಸಂತೆ ಇರುತ್ತದೆ. ಉಳಿದ ದಿನ ಮುಕ್ಕಾಲು ಗಂಟೆ ಸಾಕೋ ಸಾಕು.

ನಾವೇ ಕಾರ್ ಬಾಡಿಗೆಗೆ ತೆಗೆದುಕೊಂಡು ಹೋಗಬಹುದಲ್ಲ ಅನ್ನುವವರಿಗೆ: ಯುರೋಪ್ ಒಕ್ಕೂಟದ ಹೊರಗಿನ ಲೈಸೆನ್ಸ್ ಜೊತೆಗೆ ಅಂತರರಾಷ್ಟ್ರೀಯ ಪರ್ಮಿಟ್ ಬೇಕು. ಫ್ಲಾರೆನ್ಸಿನ ಹಳೆ ಊರಿನೊಳಗೆ ಹೊರಗಿನ ಕಾರುಗಳಿಗೆ ನಿರ್ಬಂಧ ಇದೆ, ಕ್ಯಾಮೆರಾ ನೋಡಿ ದಂಡ ಹಾಕುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಇಟಲಿಯಲ್ಲಿ ಒಂದು ಲೀಟರ್ ರಕ್ತದಲ್ಲಿ ಅರ್ಧ ಗ್ರಾಂ ಆಲ್ಕೋಹಾಲ್ ದಾಟಿದರೆ ಗಾಡಿ ಓಡಿಸುವಂತಿಲ್ಲ. ಲೈಸೆನ್ಸ್ ಸಿಕ್ಕಿ ಮೂರು ವರ್ಷ ಆಗದವರಿಗೆ ಅದೂ ಇಲ್ಲ, ಸೊನ್ನೆಯೇ. ಅಂದರೆ ಗುಂಪಿನಲ್ಲಿ ಒಬ್ಬರು ಬಾಯಿ ಕಟ್ಟಿಕೊಂಡು ಕೂರಬೇಕು. ಅದರ ಬದಲು ಗ್ರೇವೆಗೆ ಸರ್ಕಾರಿ ದರದ ಬಸ್ಸಿದೆ, ಸುಮಾರು ಒಂದು ಗಂಟೆಯ ದಾರಿ. ಊರು ನೋಡಿ, ಊಟ ಮಾಡಿ, ಅಂಗಡಿಯಲ್ಲೇ ಒಂದು ಗ್ಲಾಸು ಕುಡಿದು ಬರುವುದಾದರೆ ಇದು ಅಗ್ಗ. ತೋಟಗಳು ಮಾತ್ರ ಊರಿನಿಂದ ದೂರ, ಭಾನುವಾರ ಬಸ್ಸುಗಳೂ ಕಡಿಮೆ.

ಕಾಲ ಯಾವುದು ಅಂದರೆ ಏಪ್ರಿಲ್ ಕೊನೆ, ಮೇ ತಿಂಗಳು ಒಳ್ಳೆಯದು. ಸೆಪ್ಟೆಂಬರ್ ಮಧ್ಯದಿಂದ ಅಕ್ಟೋಬರ್ ಮೊದಲವರೆಗೆ ಸುಗ್ಗಿ. ನೋಡಲು ಹಬ್ಬ, ಆದರೆ ತೋಟದವರಿಗೆ ನಿಮ್ಮ ಜೊತೆ ಮಾತಾಡಲು ಪುರುಸೊತ್ತಿರುವುದಿಲ್ಲ. ಬುಕಿಂಗ್ ಬೇಗ ತುಂಬಿಹೋಗುತ್ತದೆ. ಆಗಸ್ಟ್ ಬಿಸಿಲು ಬೇಡ.

ಯಾವ ದಿನ ಅನ್ನುವುದಕ್ಕೂ ಒಂದು ಉಪಾಯ ಇದೆ. ಫ್ಲಾರೆನ್ಸಿನಲ್ಲಿ ಉಫಿಜಿ ಮತ್ತು ಅಕಾದೆಮಿಯಾ, ಎರಡು ದೊಡ್ಡ ಮ್ಯೂಸಿಯಂಗಳೂ ಸೋಮವಾರ ಮುಚ್ಚಿರುತ್ತವೆ. ಆ ದಿನವನ್ನು ಕಿಯಾಂಟಿಗೆ ಕೊಟ್ಟುಬಿಡಿ. ತೋಟ ಸೋಮವಾರ ತೆರೆದಿರುತ್ತದಾ ಅಂತ ಮಾತ್ರ ಕೇಳಿಕೊಳ್ಳಿ. ಆ ರಾತ್ರಿಗೆ ಹೋಟೆಲಿನಲ್ಲಿ ಊಟದ ಟೇಬಲ್ ಕಾದಿರಿಸುವ ಗೋಜಿಗೂ ಹೋಗಬೇಡಿ. ಮಧ್ಯಾಹ್ನದ ಊಟದಿಂದ ಎದ್ದದ್ದೇ ಮೂರೂವರೆಗೆ, ರಾತ್ರಿ ನಮಗೆ ಒಂದು ಹಣ್ಣು ಸಾಕಾಯಿತು.