ಕೊನೆಗೆ ಕರ್ಮ ಬಿಡಲಿಲ್ಲ, ಅಲ್ವಾ?

ಸ್ಟಾಲಿನ್ ಕಾಲದ ಗುಪ್ತ ಪೊಲೀಸ್ ಮುಖ್ಯಸ್ಥ ನಿಕೊಲಾಯ್ ಯೆಜೋವ್ ಬಗ್ಗೆ ನಾನು ಬಾಯಿ ಬಿಟ್ಟಾಗಲೆಲ್ಲ ಯಾರಾದರೂ ಇದನ್ನೇ ಕೇಳುತ್ತಾರೆ. 'ಲಕ್ಷಗಟ್ಟಲೆ ಜನರನ್ನು ಕೊಲ್ಲಿಸಿದವನನ್ನೂ ಗುಂಡಿಕ್ಕಿಯೇ ಕೊಂದರು. ಕೊನೆಗೆ ಕರ್ಮ ಬಿಡಲಿಲ್ಲ, ಅಲ್ವಾ?' ಇದು ಪ್ರಶ್ನೆಯೇ ಅಲ್ಲ. ನನ್ನಿಂದ ಹೂಂ ಅನ್ನಿಸಿಕೊಂಡು ಎದ್ದು ಹೋಗುವ ಉಪಾಯ.

ನನ್ನ ಉತ್ತರ: ಅಲ್ಲ.

ಕಳೆದ ವರ್ಷ ನಮ್ಮ ಬಡಾವಣೆಯ ಓದುಗರ ಕೂಟದಲ್ಲಿ ಮುಕ್ಕಾಲು ಗಂಟೆ ಮಾತಾಡಿದೆ. ಐದಡಿ ಕೂಡ ಇಲ್ಲದ ಈ ಮನುಷ್ಯ 1936ರ ಸೆಪ್ಟೆಂಬರಿನಲ್ಲಿ ಆ ಗುಪ್ತ ಪೊಲೀಸ್ ಇಲಾಖೆ ಎನ್‌ಕೆವಿಡಿಯ ಮುಖ್ಯಸ್ಥನಾದದ್ದು, ಒಂದು ಊರಿಗೇ ಅವನ ಹೆಸರಿಟ್ಟದ್ದು, 1937-38ರಲ್ಲಿ ಇಲಾಖೆಯದೇ ಲೆಕ್ಕದ ಪ್ರಕಾರ 6,81,692 ಜನರಿಗೆ ಮರಣದಂಡನೆ ಆದದ್ದು, ಎಲ್ಲ ಹೇಳಿದೆ. ವಂದನಾರ್ಪಣೆಗೆ ಎದ್ದ ಹಿರಿಯರು ಅಷ್ಟನ್ನೂ ಎರಡೇ ಪದದಲ್ಲಿ ಮುಗಿಸಿದರು: 'ಬಿತ್ತಿದ್ದನ್ನೇ ಬೆಳೆದ.' ಚಪ್ಪಾಳೆ. ಉಪ್ಪಿಟ್ಟು ಆರುತ್ತಿತ್ತು, ಎಲ್ಲರೂ ಎದ್ದರು. ನಾನೂ ತಿಂದೆ, ಸುಳ್ಳು ಯಾಕೆ ಹೇಳಲಿ.

ಬಿತ್ತಿದ್ದೇ ಬೇರೆ, ಬೆಳೆದದ್ದೇ ಬೇರೆ ಸ್ವಾಮಿ. 1939ರ ಏಪ್ರಿಲ್‌ನಲ್ಲಿ ಹಿಡಿದು ಅವನ ಮೇಲೆ ಹೊರಿಸಿದ್ದು ಬೇಹುಗಾರಿಕೆ, ಸ್ಟಾಲಿನ್ ಕೊಲೆಗೆ ಸಂಚು. ಅವನೇ ಬೇರೆಯವರ ಮೇಲೆ ಹೊರಿಸುತ್ತಿದ್ದ ಅದೇ ಹಳೇ ಕತೆ. ಆರು ಲಕ್ಷ ಜನರ ಲೆಕ್ಕ ಕೇಳುವ ಹಾಗಿರಲಿಲ್ಲ. ಕೇಳಿದ್ದರೆ ಕೊಲ್ಲಬೇಕಾದವರ ಪಟ್ಟಿಗಳಿಗೆ ಸಹಿ ಹಾಕಿದ ಸ್ಟಾಲಿನ್‌ನನ್ನೂ ಕೇಳಬೇಕಾಗುತ್ತಿತ್ತು. 1940ರ ಫೆಬ್ರವರಿಯಲ್ಲಿ ಮುಚ್ಚಿದ ಬಾಗಿಲ ಹಿಂದೆ ವಿಚಾರಣೆ ನಡೆಯಿತು. ತಾನು ಬೇಹುಗಾರನಲ್ಲ, ಹೊಡೆದು ಒಪ್ಪಿಸಿದರು ಎಂದ. ತನ್ನ ತಪ್ಪು ಏನಿದ್ದರೂ ಒಂದೇ ಅಂತೆ: ಇಲಾಖೆಯೊಳಗಿನ 14,000 ಜನರನ್ನು ಸಾಫ್ ಮಾಡಿದೆ, ಅದು ಸಾಲಲಿಲ್ಲ! ಪಾಪದ ಫಲ ಉಂಡವನ ಮಾತೇ ಇದು?

ಹಿಡಿದ ಮೇಲೆ ಶೋಧಿಸಿದಾಗ ಪುಸ್ತಕಗಳ ಹಿಂದೆ ವೋಡ್ಕಾ ಬಾಟಲಿಗಳು ಸಿಕ್ಕವು. ಮೇಜಿನ ಖಾನೆಯಲ್ಲಿ ಚಪ್ಪಟೆಯಾದ ಗುಂಡುಗಳು. ಒಂದೊಂದಕ್ಕೂ ಕಾಗದ ಸುತ್ತಿತ್ತು, ಮೇಲೆ ಪೆನ್ಸಿಲ್ಲಿನಲ್ಲಿ ಹೆಸರು. ಜಿನೊವಿಯೆವ್. ಕಾಮೆನೆವ್. 1936ರಲ್ಲಿ ಗುಂಡಿಗೆ ಬಲಿಯಾದ ಹಳೇ ಪಕ್ಷ ನಾಯಕರು.

ಇವರಿಗಾದರೂ ಹೆಸರಿನ ಚೀಟಿ ಇತ್ತು. ಉಳಿದವರದು ಬರೀ ಸಂಖ್ಯೆ. ಯಾರಾದರೂ ಅದನ್ನು ಕೇಳಬಾರದಾ? 1937ರ ಜುಲೈ ಕೊನೆಯಲ್ಲಿ ಯೆಜೋವ್ ಹೊರಡಿಸಿದ ಆದೇಶ 00447ರಲ್ಲಿ ಪ್ರಾಂತ್ಯವಾರು ಕೋಟಾ ಇತ್ತು. ಒಟ್ಟು 75,950 ಜನರಿಗೆ ಗುಂಡು, 1,93,000 ಜನರಿಗೆ ಶಿಬಿರ, ಜೈಲು. ಯಾರನ್ನು ಅಂತ ಹುಡುಕುವುದು ಕೆಳಗಿನವರ ಕೆಲಸ. ಸೈಬೀರಿಯಾದ ಓಮ್ಸ್ಕ್‌ಗೆ ಗುಂಡಿನ ಕೋಟಾ 1,000. ಆಗಸ್ಟ್ ಮಧ್ಯದ ಹೊತ್ತಿಗೆ ಅಲ್ಲಿನ ಎನ್‌ಕೆವಿಡಿ ಮುಖ್ಯಸ್ಥ ಗೊರ್ಬಾಚ್ ಅದನ್ನು 8,000ಕ್ಕೆ ಏರಿಸಿ ಅಂತ ಮಾಸ್ಕೋಗೆ ಬರೆದ, ಹೆಚ್ಚುವರಿ ಅನುದಾನ ಕೇಳಿದ ಹಾಗೆ. ಸ್ಟಾಲಿನ್ ಆ ಕಾಗದದ ಮೇಲೆಯೇ ಒಪ್ಪಿಗೆ ಬರೆದು ಯೆಜೋವ್‌ಗೆ ದಾಟಿಸಿದ.

ಜಾಸ್ತಿ ಕೊಡಿ ಅಂತ ಯಾರೂ ಗೊರ್ಬಾಚ್‌ನ ಕುತ್ತಿಗೆ ಹಿಡಿದು ಬರೆಸಿರಲಿಲ್ಲ. ಯಾಕೆ ಬರೆದ? ಭಯವೋ, ಬಡ್ತಿಯ ಆಸೆಯೋ? ಇದನ್ನು ಕೇಳಿ, ಉಪ್ಪಿಟ್ಟು ಬಿಟ್ಟು ಕೂರುತ್ತೇನೆ.

ಅಂದಹಾಗೆ 1939ರಲ್ಲಿ ಗೊರ್ಬಾಚ್‌ನನ್ನೂ ಗುಂಡಿಕ್ಕಿ ಕೊಂದರು. ಬೇಡ, ನೀವು ಈಗ ಏನು ಹೇಳ್ತೀರಿ ಅಂತ ಗೊತ್ತು.