ಹೊಸ ಲ್ಯಾಪ್‌ಟಾಪಿನಲ್ಲಿ ಕೊಬ್ಬರಿ ಮಂಡಿಯ ಹಳೆಯ ಲೆಕ್ಕ

ತಿಪಟೂರಿನಲ್ಲಿ ನಮ್ಮ ತಂದೆಯವರು ನಡೆಸುತ್ತಿದ್ದ ಕೊಬ್ಬರಿ ಮಂಡಿಗೆಂದು 1994ರಲ್ಲಿ ನಾನು, ಆಗಿನ ಡಾಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಯಲ್ಲಿ ಓಡುವಂತೆ, ಟರ್ಬೋ ಪ್ಯಾಸ್ಕಲ್ 7 ಎಂಬ ಪ್ರೋಗ್ರಾಮಿಂಗ್ ಸಾಧನದಲ್ಲಿ ಒಂದು ಪ್ರೋಗ್ರಾಂ ಬರೆದುಕೊಟ್ಟಿದ್ದೆ. ರೈತರು ತಂದ ಉಂಡೆ ಕೊಬ್ಬರಿಯ ತೂಕ, ಕ್ವಿಂಟಾಲಿನ ದರ, ಹಮಾಲಿ, ಮೊದಲೇ ಪಡೆದ ಮುಂಗಡ ಇವನ್ನೆಲ್ಲ ಕೂಡಿ ಕಳೆದು, ಅದು ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನಲ್ಲಿ ಪಟ್ಟಿ ಮುದ್ರಿಸುತ್ತಿತ್ತು. ತಂದೆಯವರು ತೀರಿಕೊಂಡ ಮೇಲೆ ಅಟ್ಟದಲ್ಲಿ ಸಿಕ್ಕ ಫ್ಲಾಪಿಗಳಲ್ಲಿ ಆ ಪ್ರೋಗ್ರಾಂ ಮತ್ತು ಲೆಕ್ಕದ ಕಡತಗಳಿದ್ದವು. ನಾನು ಬರೆದಿದ್ದ ಮೂಲ ಸಂಕೇತ (ಸೋರ್ಸ್ ಕೋಡ್) ಇರಲಿಲ್ಲ. ಟರ್ಬೋ ಪ್ಯಾಸ್ಕಲ್ ದಶಮಾಂಶ ಸಂಖ್ಯೆಗಳನ್ನು ತನ್ನದೇ ಆದ 6 ಬೈಟುಗಳ ರೂಪದಲ್ಲಿ ಬರೆಯುತ್ತಿದ್ದುದರಿಂದ ಇಂದಿನ ಸ್ಪ್ರೆಡ್‌ಶೀಟ್‌ಗಳಿಗೆ ಅವು ಅರ್ಥವಾಗುವುದಿಲ್ಲ. ಹಾಗಾಗಿ ಹಳೆಯ ಪ್ರೋಗ್ರಾಮನ್ನೇ ಓಡಿಸಬೇಕಾಯಿತು.

ಇಂದಿನ 64 ಬಿಟ್ ವಿಂಡೋಸ್ ಡಾಸ್ ಕಾಲದ ಇಂಥ 16 ಬಿಟ್ ಪ್ರೋಗ್ರಾಂಗಳನ್ನು ನಡೆಸುವುದೇ ಇಲ್ಲ. ನಾನು ಆ ಪ್ರೋಗ್ರಾಂ ಬರೆದ ವರ್ಷವೇ ಜಿಮ್ ಹಾಲ್ ಆರಂಭಿಸಿದ ಫ್ರೀಡಾಸ್ ಎಂಬ ಉಚಿತ ಡಾಸ್ ಅನ್ನು ಪೆನ್‌ಡ್ರೈವಿಗೆ ಹಾಕಿ ನೋಡಿದೆ. ಡಾಸ್ ಎಂಬುದು ಕೀಲಿಮಣೆ, ಪರದೆ, ಡಿಸ್ಕ್ ಎಲ್ಲಕ್ಕೂ ಯಂತ್ರ ಚಾಲೂ ಆದೊಡನೆ ಮೊದಲು ಓಡುವ ಬಯಾಸ್ ಎಂಬ ಹಳೆಯ ತಂತ್ರಾಂಶದ ಸೇವೆಗಳನ್ನು ನೆಚ್ಚಿಕೊಂಡದ್ದು. ನನ್ನ ಲ್ಯಾಪ್‌ಟಾಪಿನಲ್ಲಿರುವುದು ಅದರ ಜಾಗಕ್ಕೆ ಬಂದ ಬರೀ ಯುಇಎಫ್‌ಐ ಆದ್ದರಿಂದ ಅದು ಏಳಲೇ ಇಲ್ಲ. ಮನೆಯಲ್ಲಿದ್ದ ಹಳೆಯ ಡೆಸ್ಕ್‌ಟಾಪಿನಲ್ಲಿ ಮಾತ್ರ ಕ್ಷಣದಲ್ಲಿ ಎದ್ದು ನಿಂತಿತು. ಆ ಕಪ್ಪು ಪರದೆಯ ಮೇಲೆ ಕರ್ಸರ್ ಮಿನುಗಿದ್ದನ್ನು ಕಂಡು ನನಗೆ ನಿಜವಾಗಿಯೂ ಹಿಗ್ಗಾಯಿತು. ಆದರೆ ಪ್ರೋಗ್ರಾಮಿನ ಹೆಸರು ಟೈಪಿಸಿ ಎಂಟರ್ ಒತ್ತಿದೊಡನೆ ‘ರನ್‌ಟೈಮ್ ಎರರ್ 200’ ಎಂದು ಬಂದು ನಿಂತುಬಿಟ್ಟಿತು.

ಆ ಸಂಖ್ಯೆಯ ಅರ್ಥ, ಸೊನ್ನೆಯಿಂದ ಭಾಗಾಕಾರ ಎಂದು. ಇಲ್ಲಿ ಭಾಜಕ ಸೊನ್ನೆಯಲ್ಲ, 55. ಟರ್ಬೋ ಪ್ಯಾಸ್ಕಲ್‌ನ ಪರದೆ, ಕೀಲಿಮಣೆಗಳನ್ನು ನೋಡಿಕೊಳ್ಳುವ ಸಿಆರ್‌ಟಿ ಘಟಕವು, ನಾನು ಬರೆದ ಮೊದಲ ಸಾಲು ನಡೆಯುವುದಕ್ಕೂ ಮುನ್ನ, ಗಡಿಯಾರದ ಒಂದು ಮಿಡಿತದಲ್ಲಿ, ಅಂದರೆ ಸುಮಾರು 55 ಮಿಲಿಸೆಕೆಂಡುಗಳಲ್ಲಿ, ಒಂದು ಖಾಲಿ ಸುತ್ತು ಎಷ್ಟು ಬಾರಿ ತಿರುಗುತ್ತದೆಂದು ಎಣಿಸಿ, ಆ ಎಣಿಕೆಯನ್ನು 55ರಿಂದ ಭಾಗಿಸಿ ಯಂತ್ರದ ವೇಗವನ್ನು ಅಳೆಯುತ್ತದೆ. ಬಂದ ಭಾಗಲಬ್ಧ 16 ಬಿಟ್‌ಗಳಲ್ಲಿ ಹಿಡಿಯಬೇಕು, ಎಂದರೆ 65,535 ಮೀರಬಾರದು. ಅಂದಿನ ಪ್ರೊಸೆಸರುಗಳಿಗೆ ಅದು ಧಾರಾಳವಾಗಿತ್ತು. ಇಂದಿನವು ಅದನ್ನು ಎಷ್ಟೋ ಪಾಲು ಮೀರುವುದರಿಂದ ಭಾಗಾಕಾರ ಉಕ್ಕಿ ಹರಿಯುತ್ತದೆ, ಪ್ರೊಸೆಸರು ಅದನ್ನೂ ಸೊನ್ನೆಯ ಭಾಗಾಕಾರದ ತಪ್ಪೆಂದೇ ತಿಳಿಸುತ್ತದೆ. ನನ್ನ ಲೆಕ್ಕದಲ್ಲಿ ದೋಷವಿರಲಿಲ್ಲ. ಯಂತ್ರ ಇಷ್ಟು ಬೇಗ ಎಣಿಸೀತೆಂದು ಆಗ ಎಣಿಸಿರಲಿಲ್ಲ, ಅಷ್ಟೇ.

ಇದಕ್ಕೆ ಪ್ರೋಗ್ರಾಮಿನ ಕಡತವನ್ನೇ ತಿದ್ದುವ ತೇಪೆಗಳು ಸಿಗುತ್ತವೆಯಾದರೂ, ಇರುವ ಒಂದೇ ಪ್ರತಿಯನ್ನು ತಿದ್ದಲು ಮನಸ್ಸಾಗದೆ ಲ್ಯಾಪ್‌ಟಾಪಿನಲ್ಲಿ ಹಳೆಯ ಡಾಸ್ ಯಂತ್ರವನ್ನು ಅನುಕರಿಸುವ ಡಾಸ್‌ಬಾಕ್ಸ್ ಎಂಬ ತಂತ್ರಾಂಶ ಹಾಕಿಕೊಂಡೆ. ಅದರ ಸೈಕಲ್ಸ್ ಎಂಬ ಅಳತೆಯನ್ನು 3000ಕ್ಕೆ ನಿಲ್ಲಿಸಿದರೆ ಅದು ಹಳೆಯ ಯಂತ್ರದ ನಡಿಗೆಯಲ್ಲೇ ನಡೆಯುತ್ತದೆ. ಪ್ರೋಗ್ರಾಂ ತೆರೆದುಕೊಂಡಿತು.

ಊರಿಗೊಂದು ಕಡತ. ಡಾಸ್‌ನಲ್ಲಿ ಹೆಸರಿಗೆ ಎಂಟೇ ಇಂಗ್ಲಿಷ್ ಅಕ್ಷರಗಳಿದ್ದುದರಿಂದ ನೊಣವಿನಕೆರೆಯ ಕಡತ ‘ನೊಣವಿನ’ (NONAVINA) ಎಂಬಷ್ಟಕ್ಕೇ ನಿಂತಿದೆ. 1997ರ ಹತ್ತು ಪಟ್ಟಿಗಳನ್ನು ಪರದೆಯ ಮೇಲೆ ತೆರೆದು, ತಂದೆಯವರ ಕೈಬರಹದ ಖಾತೆ ಪುಸ್ತಕದೊಂದಿಗೆ ತಾಳೆ ನೋಡಿದೆ. ಒಂದು ಪೈಸೆಯೂ ಹೆಚ್ಚುಕಡಿಮೆ ಇರಲಿಲ್ಲ. ಉಳಿದ ಊರುಗಳ ಕಡತಗಳನ್ನು ದಿನಕ್ಕೊಂದರಂತೆ ತೆರೆಯುತ್ತಿದ್ದೇನೆ.