ಬಸ್ಟರ್ ಕೀಟನ್: ಕತ್ತರಿ ಬೀಳದ ಶಾಟ್‌ಗಳು

ಅಮೆರಿಕದ ಮೂಕಿ ಹಾಸ್ಯಚಿತ್ರಗಳ ನಟ, ನಿರ್ದೇಶಕ ಬಸ್ಟರ್ ಕೀಟನ್‌ನ ಸಿನಿಮಾಗಳನ್ನು ಸಾಲಾಗಿ ನೋಡಬೇಕೆಂದರೆ 1920ರ ‘ಒನ್ ವೀಕ್’ನಿಂದ ಶುರುಮಾಡಿ 1928ರ ‘ದ ಕ್ಯಾಮರಾಮನ್’ಗೆ ನಿಲ್ಲಿಸಿ. ಅವನ ಶ್ರೇಷ್ಠ ಕೆಲಸವೆಲ್ಲ ಆ ಅವಧಿಯದೇ. ನೋಡುವಾಗ ಒಂದು ವಿಷಯ ಗಮನಿಸಿ. ದೊಡ್ಡ ಸಾಹಸ ಬಂದಾಗ ಅವನು ಶಾಟ್ ಒಡೆಯುವುದಿಲ್ಲ. ಕ್ಯಾಮೆರಾ ದೂರ ನಿಂತಿರುತ್ತದೆ, ಅಡಿಯಿಂದ ಮುಡಿಯವರೆಗೆ ಅವನ ಇಡೀ ಮೈ ಕಾಣುತ್ತಿರುತ್ತದೆ. ನಡುವೆ ಕತ್ತರಿ ಬಿದ್ದರೆ ನೋಡುವವರಿಗೆ ‘ಇಲ್ಲೇನೋ ಕಣ್ಕಟ್ಟು ಇದೆ’ ಅನ್ನಿಸುತ್ತದೆ, ಅಲ್ಲಿಗೆ ನಗು ಮುಗಿಯಿತು.

‘ಸ್ಟೀಮ್‌ಬೋಟ್ ಬಿಲ್ ಜೂನಿಯರ್’ (1928) ಚಿತ್ರದಲ್ಲಿ ಮನೆಯ ಮುಂಗೋಡೆ ಇಡಿಯಾಗಿ ಅವನ ಮೇಲೆ ಬೀಳುತ್ತದೆ. ಮೇಲಿನ ಕಿಟಕಿಯ ತೆರಪು ಸರಿಯಾಗಿ ಅವನ ಮೇಲೆ ಬಂದು ಅವನು ನಿಂತಲ್ಲೇ ಉಳಿಯುತ್ತಾನೆ. ಅದನ್ನು ಹೇಗೆ ಮಾಡಿದೆವೆಂದು ಕೀಟನ್ ಮುಂದೆ ಸಂದರ್ಶನಗಳಲ್ಲಿ ವಿವರಿಸಿದ್ದಾನೆ. ಮೊದಲು ಗೋಡೆಯ ಚೌಕಟ್ಟನ್ನಷ್ಟೇ ಕಟ್ಟಿ, ಬುಡದ ಕೀಲುಗಳು ಅಲುಗದಂತೆ ಭದ್ರ ಮಾಡಿದರು. ಅದನ್ನು ನೆಲಕ್ಕೆ ಮಲಗಿಸಿ, ಅವನು ನಿಂತ ಜಾಗದ ಸುತ್ತಲೇ ಕಿಟಕಿಯ ಅಳತೆ ಹಿಡಿದರು. ಎರಡೂ ಭುಜಗಳ ಪಕ್ಕ, ತಲೆಯ ಬಳಿ, ಹಿಮ್ಮಡಿಯ ಬಳಿ ಬಿಟ್ಟ ಜಾಗ 2 ಇಂಚು, ಅಷ್ಟೇ. ಹಿಮ್ಮಡಿ ಊರಬೇಕಾದಲ್ಲಿ ದಪ್ಪ ಮೊಳೆ ಹೊಡೆದು ಗುರುತು ಮಾಡಿದ ಮೇಲೆ ಚೌಕಟ್ಟನ್ನು ಎತ್ತಿ ನಿಲ್ಲಿಸಿ ಗೋಡೆ ಪೂರ್ತಿ ಮಾಡಿ ಬಣ್ಣ ಬಳಿದರು. ಮಾಮೂಲಿ ಮಹಡಿ ಕಿಟಕಿ 12 ಅಡಿ ಎತ್ತರದಲ್ಲಿದ್ದರೆ ಇಲ್ಲಿ ಅದನ್ನು 18 ಅಡಿಗೆ ಏರಿಸಿದ್ದರು. ಕೀಲಿನ ಮೇಲೆ ಬೀಳುವ ಗೋಡೆಯಾದ್ದರಿಂದ ಅವನು ಬುಡದಿಂದ ಅಷ್ಟೇ ದೂರ ನಿಲ್ಲಬೇಕು. ಹಾಗಾಗಿಯೇ ಆ ಪತನ ಅಷ್ಟು ದೀರ್ಘವಾಗಿ ಕಾಣುತ್ತದೆ.

ನಿಜವಾದ ಅಪಾಯ ಇದ್ದದ್ದು ಗಾಳಿಯಲ್ಲಿ. ದೃಶ್ಯ ಬಿರುಗಾಳಿಯದು. ಲಿಬರ್ಟಿ ವಿಮಾನ ಎಂಜಿನ್ ಜೋಡಿಸಿದ 6 ಗಾಳಿಯಂತ್ರಗಳು ಓಡುತ್ತಿದ್ದವು. ಹಿಂದೆ ಮುಂದೆ ಗಾಳಿ ಕಾಣಬೇಕು, ಆದರೆ ಬೀಳುವ ಗೋಡೆಗೆ ಅದು ತಾಗಬಾರದು. ತಾಗಿ ಗೋಡೆ ಸ್ವಲ್ಪ ತಿರುಚಿಕೊಂಡರೂ ಕಿಟಕಿ ಇಂಚುಗಟ್ಟಲೆ ಆಚೆ ಬೀಳುತ್ತದೆ, ಅವನ ಕೈಲಿರುವುದು ಎರಡೇ ಇಂಚು. ಒಂದೇ ಟೇಕ್‌ನಲ್ಲಿ ಮುಗಿಸಿದರು.

ಕತ್ತರಿಸುವುದೇ ತಮಾಷೆಯಾದಾಗ ಅವನಷ್ಟು ಕರಾರುವಾಕ್ಕಾಗಿ ಕತ್ತರಿಸಿದವರೂ ಆಗ ಇರಲಿಲ್ಲ. ‘ಶೆರ್ಲಾಕ್ ಜೂನಿಯರ್’ (1924) ಚಿತ್ರದಲ್ಲಿ ಪ್ರೊಜೆಕ್ಟರ್ ಓಡಿಸುವವನು ಕನಸಿನಲ್ಲಿ ಪರದೆಯೊಳಕ್ಕೆ ಹೋಗುತ್ತಾನೆ. ಅವನು ಒಳಗೆ ಕಾಲಿಡುವಾಗ ಅಲ್ಲಿರುವುದು ಪರದೆಯೇ ಅಲ್ಲ. ಪರದೆಯಂತೆ ಕಾಣುವ ಹಾಗೆ ಬೆಳಕು ಹಾಕಿದ ರಂಗಮಂಚ, ನಟರು ಅಲ್ಲೇ ನಿಂತು ನಟಿಸುತ್ತಿದ್ದಾರೆ. ಆಮೇಲೆ ಹಿನ್ನೆಲೆ ತೋಟ, ಬೀದಿ, ಬೆಟ್ಟದಂಚು, ಸಿಂಹಗಳ ನಡುವೆ, ಮರಳುಗಾಡು, ಸಮುದ್ರ ಎಂದು ಹಾರುತ್ತಾ ಹೋಗುತ್ತದೆ, ಅವನು ಮಾತ್ರ ಅದೇ ಭಂಗಿಯಲ್ಲಿರುತ್ತಾನೆ. ಇದಕ್ಕೆ ಕ್ಯಾಮೆರಾದಿಂದ ಅವನಿಗಿರುವ ದೂರವನ್ನು ಸರ್ವೆ ಉಪಕರಣ ಹಿಡಿದು ಅಳೆದು, ಪ್ರತಿ ಹೊಸ ಜಾಗದಲ್ಲೂ ಅದೇ ಅಳತೆಗೆ ಅವನನ್ನು ನಿಲ್ಲಿಸಿದರು. ದೂರ ಸ್ವಲ್ಪ ತಪ್ಪಿದರೂ ಅವನು ಕಟ್‌ನಲ್ಲಿ ದೊಡ್ಡದೋ ಚಿಕ್ಕದೋ ಆಗಿ ‘ಜಿಗಿಯುತ್ತಾನೆ’, ಭ್ರಮೆ ಒಡೆಯುತ್ತದೆ. ಕ್ಯಾಮೆರಾಮನ್ ಎಲ್ಗಿನ್ ಲೆಸ್ಲಿಯ ಹೆಸರನ್ನು ಇಲ್ಲಿ ಹೇಳಲೇಬೇಕು. ‘ದ ಪ್ಲೇಹೌಸ್’ನಲ್ಲಿ (1921) ಒಂದೇ ಫ್ರೇಮಿನಲ್ಲಿ ಒಂಬತ್ತು ಮಂದಿ ಕೀಟನ್‌ಗಳನ್ನು ಕೂರಿಸಿದವನೂ ಅವನೇ. ಲೆನ್ಸಿನ ಒಂದೊಂದೇ ಭಾಗ ತೆರೆದು ಚಿತ್ರಿಸಿ, ಫಿಲ್ಮ್ ಹಿಂದಕ್ಕೆ ಸುತ್ತಿ, ಮತ್ತೆ ಅದೇ ವೇಗದಲ್ಲಿ ಕೈಯಿಂದ ಹಿಡಿಕೆ ತಿರುಗಿಸಬೇಕು. ಒಂದು ಸಲ ಕೈ ತಪ್ಪಿದರೆ ಹಿಂದಿನದೆಲ್ಲ ವ್ಯರ್ಥ.

‘ದ ನ್ಯಾವಿಗೇಟರ್’ನ (1924) ನೀರಡಿಯ ದೃಶ್ಯಕ್ಕೆ ಈಜುಕೊಳದ ಗೋಡೆ ಎತ್ತರಿಸಿ ನೀರು ತುಂಬಿದರು. ಭಾರಕ್ಕೆ ಕೊಳದ ತಳವೇ ಒಡೆಯಿತು. ಕೊನೆಗೆ ಟಾಹೋ ಸರೋವರ. ನೀರು ಸ್ಫಟಿಕದಂತೆ ತಿಳಿ, ಆದರೆ ಕೊರೆಯುವ ಚಳಿ. ಕ್ಯಾಮೆರಾ ಪೆಟ್ಟಿಗೆಯ ಒಳಗಿನ ಬೆಚ್ಚನೆ ಗಾಳಿಯಿಂದ ಗಾಜಿಗೆ ಮಂಜು ಕಟ್ಟದಿರಲೆಂದು ಪೆಟ್ಟಿಗೆಯೊಳಗೂ ಐಸ್ ಇಟ್ಟರು.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಮೇಲಿನದು ‘ದ ಜನರಲ್’ (1926). ಆರೆಗಾನ್‌ನ ಕಾಟೇಜ್ ಗ್ರೋವ್ ಸುತ್ತ ಚಿತ್ರೀಕರಣ. 1926ರ ಜುಲೈ 23ರಂದು ನಿಜವಾದ ಉಗಿ ಎಂಜಿನ್ನನ್ನು ಉರಿಯುವ ಸೇತುವೆಯ ಮೇಲಿಂದ ನದಿಗೆ ಬೀಳಿಸಿದರು. ಆ ಒಂದು ಶಾಟ್‌ಗೆ 42,000 ಡಾಲರ್ ತಗುಲಿತೆಂದು ಎಲ್ಲರೂ ಅದನ್ನೇ ಹೇಳುತ್ತಾರೆ. ನಾನಾದರೆ ಚಕ್ರಗಳನ್ನು ಜೋಡಿಸುವ ಸರಳಿನ ಮೇಲೆ ಅವನು ಪೆಚ್ಚಾಗಿ ಕೂತಿರುವ ಶಾಟ್ ನೋಡಿ ಎನ್ನುತ್ತೇನೆ. ಎಂಜಿನ್ ಹೊರಡುತ್ತದೆ, ಸರಳು ಅವನನ್ನು ಮೇಲೆ ಕೆಳಗೆ ಆಡಿಸುತ್ತದೆ, ಅವನಿಗೆ ಅರಿವೇ ಇಲ್ಲ. ಚಾಲಕ ಉಗಿಯನ್ನು ಸ್ವಲ್ಪ ಜೋರಾಗಿ ಬಿಟ್ಟಿದ್ದರೂ ಚಕ್ರ ಹಳಿಯ ಮೇಲೆ ಜಾರಿ ಗರಗರ ಸುತ್ತಿ ಅವನು ಪ್ರಾಣ ಕಳೆದುಕೊಳ್ಳುತ್ತಿದ್ದ.

ಇಷ್ಟಾಗಿಯೂ ಚಿತ್ರ ಆಗ ನಷ್ಟ ಮಾಡಿತು. 1928ರಲ್ಲಿ ಅವನು ಎಂಜಿಎಂ ಎಂಬ ದೊಡ್ಡ ಸ್ಟುಡಿಯೋ ಸೇರಿದ, ಅದನ್ನು ತನ್ನ ಬದುಕಿನ ಅತಿ ದೊಡ್ಡ ತಪ್ಪೆಂದು ತಾನೇ ಕರೆದ. ಅಲ್ಲಿಯವರೆಗೆ ಕಥೆಯ ಆರಂಭ, ಅಂತ್ಯ ಗೊತ್ತಿದ್ದರೆ ಸಾಕು, ನಡುವಿನದನ್ನು ಜಾಗಕ್ಕೆ ಹೋಗಿ ಕಂಡುಕೊಳ್ಳುತ್ತಿದ್ದ. ಎಂಜಿಎಂನಲ್ಲಿ ಎಲ್ಲವೂ ಕಾಗದದ ಮೇಲೆ ಮೊದಲೇ ನಿಗದಿಯಾಗಬೇಕಿತ್ತು.

ನೋಡಲು ಸಿನಿಮಾದ ಪ್ರತಿ ಆರಿಸುವಾಗ ಎರಡು ವಿಷಯ ನೋಡಿಕೊಳ್ಳಿ. ಒಂದು ವೇಗ: ಮೂಕಿ ಚಿತ್ರಗಳಿಗೆ ಏಕರೂಪದ ವೇಗ ಇರಲಿಲ್ಲ. ನಿಧಾನವಾದ ಪ್ರತಿಯಲ್ಲಿ ಬೀಳುವುದೂ ಓಡುವುದೂ ಸಪ್ಪೆಯಾಗುತ್ತದೆ, ಅತಿ ವೇಗದ್ದರಲ್ಲಿ ಮನುಷ್ಯರು ಗೊಂಬೆಗಳಾಗುತ್ತಾರೆ. ಇನ್ನೊಂದು ಚೌಕಟ್ಟು: ಫಿಲ್ಮಿನ ಅಂಚಿನಲ್ಲಿ ಧ್ವನಿ ದಾಖಲಾಗುವ ಧ್ವನಿಪಟ್ಟಿಗೆ ಜಾಗ ಮಾಡಲು ಹಳೆಯ ಎಷ್ಟೋ ಪ್ರತಿಗಳಲ್ಲಿ ಚಿತ್ರದ ಎಡ ಅಂಚು ಕತ್ತರಿಸಿಹೋಗಿದೆ. ಇಂಚು ಅಳೆದು ಫ್ರೇಮ್ ಕಟ್ಟಿದವನ ಕೆಲಸದಲ್ಲಿ ಅದು ಸಣ್ಣ ನಷ್ಟವಲ್ಲ. ಹಾಗಾಗಿ ಪುನರುಜ್ಜೀವನಗೊಂಡ ಪೂರ್ಣ ಚೌಕಟ್ಟಿನ ಪ್ರತಿಯನ್ನೇ ಹುಡುಕಿ. ಮೊದಲ ಸಲ ನೋಡುವವರು ‘ಶೆರ್ಲಾಕ್ ಜೂನಿಯರ್’ ಹಾಕಿ, ಅದು ಮುಕ್ಕಾಲು ಗಂಟೆಯಲ್ಲಿ ಮುಗಿಯುತ್ತದೆ. ‘ದ ಜನರಲ್’ ಅನ್ನು ಸಾಧ್ಯವಾದಷ್ಟು ದೊಡ್ಡ ಪರದೆಗೆ ಉಳಿಸಿಕೊಳ್ಳಿ.